'ಇದು ಯಾವ ಅರಬಿರಿ?' ಎಂದು ಮೊದಲು ಕೇಳುವ ಅಂಗಡಿ

ಬಟ್ಟೆ ಒಗೆದು ಇಸ್ತ್ರಿ ಮಾಡುವ ಈ ಅಂಗಡಿಗೆ ಬೋರ್ಡ್ ಇಲ್ಲ. ಫೋನಿನ ಮ್ಯಾಪಿನಲ್ಲೂ ಸಿಗುವುದಿಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯಿಂದ ಹತ್ತು ನಿಮಿಷ ನಡೆದರೆ ಒಂದು ಬೇವಿನ ಗಿಡ ಬರುತ್ತದೆ. ಗಿಡದ ಕೆಳಗೆ ಮೇಜು, ಮೇಜಿನ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಹಿಂದಿನ ಕೋಣೆಯ ಗೋಡೆಗೆ ಮಡಿವಾಳ ಮಾಚಿದೇವರ ಫೋಟೋ. ಅಷ್ಟೇ ಗುರುತು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಓಣಿಯವರೆಲ್ಲ ಅವರನ್ನು ಕಾಕಾ, ಕಾಕು ಅಂತ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಆರು ವರ್ಷದಿಂದ ನಮ್ಮ ಮನೆಯ ಬಟ್ಟೆ ಇಲ್ಲಿಗೇ ಹೋಗುತ್ತದೆ. ಮೊದಲ ದಿನ ಚೀಲ ಮೇಜಿನ ಮೇಲಿಟ್ಟಾಗ ಕಾಕು ರೇಟ್ ಹೇಳಲಿಲ್ಲ. ಯಾವಾಗ ಬೇಕು ಅಂತಲೂ ಕೇಳಲಿಲ್ಲ. ಒಂದೊಂದನ್ನೇ ಹೊರಗೆ ತೆಗೆದು, ಎರಡು ಬೆರಳಿನ ನಡುವೆ ಉಜ್ಜಿ ನೋಡಿ, "ಇದು ಯಾವ ಅರಬಿರಿ?" ಅಂದರು. ಅರಬಿ ಅಂದರೆ ನಮ್ಮ ಕಡೆ ಬಟ್ಟೆ. ಹತ್ತಿಯೋ, ರೇಷ್ಮೆಯೋ, ಉಣ್ಣೆಯೋ, ಮಿಕ್ಸೋ. ಎರಡು ಬಟ್ಟೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವೆರಡನ್ನೂ ಬೇರೆ ಇಟ್ಟು, "ಇವನ್ನ ನೋಡಿ ಹೇಳ್ತೀನಿ" ಅಂದರು. ಅವತ್ತೇ ನನಗೆ ನಂಬಿಕೆ ಬಂತು.

ನಂಬಿಕೆ ಬರಲು ಒಂದು ಕಾರಣ ಇತ್ತು. ಅದಕ್ಕೂ ಮೊದಲು ಬೇರೆ ಕಡೆ ಬಟ್ಟೆ ಕೊಡುತ್ತಿದ್ದೆ. ಆ ಅಂಗಡಿಯ ಹೆಸರು ಇಲ್ಲಿ ಬೇಡ. ನನ್ನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅವ್ವ ತಂದ ಇಳಕಲ್ ಸೀರೆಯ ಸೆರಗಿಗೆ ಯಾರದೋ ಮದುವೆಯಲ್ಲಿ ಅರಿಸಿನ ಬಿದ್ದಿತ್ತು. ಕಲೆ ತೆಗೆಯಲು ಅಲ್ಲಿ ಬ್ಲೀಚ್ ಹಾಕಿದರು. ಕಲೆಯೇನೋ ಹೋಯಿತು, ಜೊತೆಗೆ ಸೆರಗಿನ ಕೆಂಪೂ ಹೋಯಿತು. ಅಂಗೈ ಅಗಲದ ಜಾಗ ಹಳದಿಗೆ ತಿರುಗಿ, ಎಳೆದರೆ ಪಿಸಿಯುವ ಹಾಗಾಯಿತು. ಅದೇ ಬ್ಲೀಚ್ ತಾಗಿದ ಒಡಲಿನ ಕಡೆ ಬಣ್ಣ ಮಾತ್ರ ಮಾಸಿತ್ತು, ನೂಲು ಗಟ್ಟಿಯಾಗೇ ಇತ್ತು. ಒಂದೇ ಸೀರೆಯಲ್ಲಿ ಹೀಗೆ ಯಾಕೆ ಅಂತ ನನಗೆ ತಿಳಿಯಲಿಲ್ಲ. ಕೇಳಿದರೆ ಅವರಿಗೂ ತಿಳಿದಿರಲಿಲ್ಲ. ಸೀರೆಯನ್ನು ಎತ್ತಿಕೊಂಡು ಮನೆಗೆ ಬಂದು ತುಂಬಾ ಹೊತ್ತು ಅತ್ತಿದ್ದೆ. ಆ ಹೊತ್ತಿಗೆ ಅವ್ವ ಹೋಗಿ ಎರಡು ವರ್ಷ ಆಗಿತ್ತು.

ಕಾಕು ಆ ಸೆರಗನ್ನು ನೋಡಿದ ಕೂಡಲೇ ಹೇಳಿದರು. ಈ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಇಳಕಲ್‌ನಲ್ಲಿ ಹೀಗೆ ಎರಡು ನೂಲಿನ ಸೀರೆಗಳು ಬಹಳ. ಒಡಲಿನ ಹಾಸು ಎಳೆಗಳನ್ನೂ (ಉದ್ದಕ್ಕೆ ಹೋಗುವ ನೂಲು) ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿ ಗಿಡದಿಂದ ಬಂದದ್ದು, ಹದವಾಗಿ ಹಾಕಿದರೆ ಬ್ಲೀಚ್ ತಡೆಯುತ್ತದೆ. ರೇಷ್ಮೆ ಹುಳುವಿನಿಂದ ಬಂದದ್ದು, ನಮ್ಮ ಕೂದಲು, ಉಗುರಿನ ಜಾತಿಗೆ ಸೇರಿದ್ದು. ಬ್ಲೀಚ್ ಅದನ್ನು ತಿಂದುಹಾಕುತ್ತದೆ. ಉಣ್ಣೆಯದೂ ಇದೇ ಕಥೆ. "ಎರಡು ಅರಬಿ ಕೂಡಿದ್ದರೆ ನಾಜೂಕು ಯಾವುದೋ ಅದರ ಮಾತು ಕೇಳಬೇಕು" ಅಂದರು ಕಾಕು. ಸೀರೆ ಸರಿಮಾಡಲು ತಮ್ಮ ಕೈಲಿ ಆಗುವುದಿಲ್ಲ ಅಂತ ನೇರವಾಗಿ ಹೇಳಿ, ಹರಿದ ಕಡೆ ನೂಲು ಕೂಡಿಸಿ ರಫು ಮಾಡುವವರ ಕಡೆ ಕಳಿಸಿದರು. ದುಡ್ಡು ತಗೊಳ್ಳಲಿಲ್ಲ.

ಈಗ ನನ್ನ ದಿನದ ಬಟ್ಟೆಯ ವಿಷಯ. ನಾನು ವಕೀಲೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು. ನಾನು ಸನ್ನದು ಪಡೆದದ್ದು ಅದೇ ವರ್ಷ. 2013ರಲ್ಲಿ ಅದು ಕಾಯಂ ಪೀಠವಾಯಿತು. ವಾರಕ್ಕೆ ಐದು ದಿನ ಬಿಳಿ ಸೀರೆ, ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡ್. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕೋಟು ಬಿಡಬಹುದು ಅಂತ ನಿಯಮ ಇದೆ. ಹೈಕೋರ್ಟಿಗೆ ಆ ರಿಯಾಯಿತಿ ಇಲ್ಲ. ನಮ್ಮೂರಿನ ಬಿಸಿಲು ಗೊತ್ತಲ್ವಾ, ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತದೆ. ಬೆವರು, ಧೂಳು, ಸಾಲದ್ದಕ್ಕೆ ಬೋರಿನ ಗಡಸು ನೀರು. ಮನೆಯಲ್ಲಿ ಮಷಿನ್‌ಗೆ ಹಾಕುತ್ತಿದ್ದಾಗ ನನ್ನ ಬಿಳಿ ಸೀರೆಗಳು ಆರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ಬರುತ್ತಿದ್ದವು. ಪುಡಿ ಜಾಸ್ತಿ ಹಾಕಿದಷ್ಟೂ ಇನ್ನೂ ಮಂಕಾಗುತ್ತಿದ್ದವು.

ಕಾರಣ ಇಲ್ಲಿ ತಿಳಿಯಿತು. ಬೋರಿನ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸೋಪು ಆ ಸುಣ್ಣದ ಜೊತೆ ಸೇರಿದರೆ ನೊರೆ ಬರುವುದಿಲ್ಲ. ಬೂದು ಜಿಡ್ಡಾಗಿ ಬಟ್ಟೆಗೇ ಹತ್ತಿಕೊಳ್ಳುತ್ತದೆ. ಪುಡಿಗೆ ಸೋಪಿನಷ್ಟು ತೊಂದರೆ ಇಲ್ಲ, ಆದರೆ ಜಾಸ್ತಿ ಹಾಕಿ ಸರಿಯಾಗಿ ಜಾಲಾಡದಿದ್ದರೆ ಅದೂ ಬಟ್ಟೆಯಲ್ಲೇ ಉಳಿಯುತ್ತದೆ. ಕಾಕಾ ನಳಕ್ಕೆ ನೀರು ಬಂದ ದಿನವೇ ಬಿಳಿ ಬಟ್ಟೆ ಒಗೆಯುತ್ತಾರೆ. ನಳ ಬರಲಿಲ್ಲ ಅಂದರೆ ಬೋರಿನ ನೀರಿಗೆ ಒಗೆಯುವ ಸೋಡಾ ಕಲಸಿ ರಾತ್ರಿ ತೊಟ್ಟಿಯಲ್ಲಿ ಬಿಡುತ್ತಾರೆ. ಬೆಳಗ್ಗೆ ತೊಟ್ಟಿಯ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ. ಅದೇ ಸುಣ್ಣ. ಮೇಲಿನ ತಿಳಿನೀರನ್ನು ಮಾತ್ರ ಬಳಸುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಹಿತ್ತಲಿನಲ್ಲಿ ಎರಡು ದೊಡ್ಡ ಶಹಾಬಾದ್ ಪರಸಿಗಳಿವೆ, ಅಂದರೆ ಚಪ್ಪಡಿ ಕಲ್ಲುಗಳು, ಕಾಕಾನ ಅಪ್ಪನ ಕಾಲದವು. ತೇವದ ಕಡೆ ಸವೆದು ಗಾಜಿನ ಹಾಗೆ ನುಣುಪಾಗಿವೆ. ಅದರ ಮೇಲೆ ಬಡಿಯುವುದು ಹತ್ತಿಯನ್ನು ಮಾತ್ರ. ಹತ್ತಿ ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ ಇರುತ್ತದೆ, ಅದಕ್ಕೇ ಏಟು ತಡೆಯುತ್ತದೆ. ನನ್ನ ಮಗಳ ರೇಯಾನ್ ಕುರ್ತಾ ತಂದುಕೊಟ್ಟಾಗ ಕಾಕಾ ಅದನ್ನು ಪರಸಿಯ ಹತ್ತಿರವೂ ಒಯ್ಯಲಿಲ್ಲ. ರೇಯಾನ್ ನೋಡಲು ಹತ್ತಿಯ ಹಾಗೇ ಇದ್ದರೂ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಹಿಂಡಿದರೆ ಹರಿಯುತ್ತದೆ, ತೂಗುಹಾಕಿದರೆ ಉದ್ದವಾಗುತ್ತದೆ. ಬಕೆಟ್ಟಿನಲ್ಲಿ ಅದ್ದಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದರು.

ಬಿಳಿ ಸೀರೆಗೆ ಕೊನೆಯ ನೀರಿನಲ್ಲಿ ನೀಲಿ. ಮೊದಲು ನೀಲಿಯನ್ನು ಒಂದು ಚೊಂಬಿನಲ್ಲಿ ಪೂರ್ತಿ ಕರಗಿಸಿಕೊಳ್ಳುತ್ತಾರೆ, ನೇರ ಬಟ್ಟೆ ಮೇಲೆ ಸುರಿಯುವುದಿಲ್ಲ. ಹಾಗಾಗಿ ಈ ಆರು ವರ್ಷದಲ್ಲಿ ಒಂದು ಸೀರೆಗೂ ನೀಲಿ ಮಚ್ಚೆ ಬಂದಿಲ್ಲ. ಆಮೇಲೆ ಸಾಬೂದಾಣಿ ಗಂಜಿ, ತೆಳ್ಳಗೆ ಕಾಸಿ ಬಟ್ಟೆಯಲ್ಲಿ ಸೋಸಿದ್ದು. ಒಣಗಿಸುವುದು ಮಾಳಿಗೆಯ ಮೇಲೆ, ಖಡಕ್ ಬಿಸಿಲಿಗೆ. ಪೂರ್ತಿ ಒಣಗುವ ಮೊದಲೇ ಇಳಿಸಿ ಇಸ್ತ್ರಿ ಮಾಡುತ್ತಾರೆ. ಬೆಳಗ್ಗೆ ಏಳಕ್ಕೆ ಉಟ್ಟ ನಿರಿಗೆ ಸಂಜೆ ಐದಕ್ಕೂ ನಿಂತಿರುತ್ತದೆ. ಕೋರ್ಟಿನಲ್ಲಿ ಎದ್ದು ನಿಂತು ಮಾತಾಡುವಾಗ ಅದು ನನಗೆ ಎಷ್ಟು ಧೈರ್ಯ ಕೊಡುತ್ತದೆ ಅಂತ ಈ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಗೊತ್ತು.

ಒಂದು ಸಲ ಮಧ್ಯಾಹ್ನದ ಊಟದಲ್ಲಿ ಬದನೆಕಾಯಿ ಎಣಗಾಯಿ ಸೀರೆಯ ಮೇಲೆ ಬಿತ್ತು. ನಾನು ಅಲ್ಲೇ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿದೆ. ಹಳದಿ ಕಲೆ ಥಟ್ಟನೆ ಕೆಂಪಗಾಯಿತು. ಹೆದರಿ ಸಂಜೆ ಹಾಗೇ ಕಾಕು ಹತ್ತಿರ ಓಡಿದೆ. ಅರಿಸಿನದ ಗುಣವೇ ಅದು, ಸೋಪು ತಾಗಿದರೆ ಕೆಂಪಾಗುತ್ತದೆ ಅಂತ ಅವರು ಸಮಾಧಾನ ಮಾಡಿದರು. ಮೊದಲು ಎಣ್ಣೆ ಜಿಡ್ಡು ತೆಗೆದರು. ಚೆನ್ನಾಗಿ ಜಾಲಾಡಿ ಎರಡು ದಿನ ಬಿಸಿಲಿಗೆ ಹಾಕಿದರು. ಅರಿಸಿನದ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ. ಮೂರನೇ ದಿನ ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಕುಬಸದ ಸೀರೆಗೂ ಬ್ಲೀಚ್ ಬೇಕಾಗಿರಲಿಲ್ಲ ಅಂತ ಅವತ್ತು ಅರ್ಥ ಆಯಿತು. ರೇಷ್ಮೆಯನ್ನು ಬಿಸಿಲಿಗೆ ಜಾಸ್ತಿ ಹೊತ್ತು ಹಾಕುವಂತಿಲ್ಲ, ನಿಜ. ಆದರೆ ಸ್ವಲ್ಪ ಸ್ವಲ್ಪ ಹೊತ್ತು ತೋರಿಸಿ ನೋಡಬಹುದಿತ್ತು.

ಕೋಟಿನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮ ವಕೀಲರಲ್ಲಿ ಬಹಳ ಮಂದಿ ತಪ್ಪು ಮಾಡುವುದು ಇಲ್ಲೇ. ಕೋಟು ಡ್ರೈ ಕ್ಲೀನ್‌ಗೆ ಕೊಟ್ಟರೆ ಎಲ್ಲ ಹೋಯಿತು ಅಂದುಕೊಳ್ಳುತ್ತೇವೆ. ಡ್ರೈ ಕ್ಲೀನ್ ಅಂದರೆ ಒಣ ಕೆಲಸ ಅಲ್ಲ. ನೀರಿನ ಬದಲು ಪೆಟ್ರೋಲ್ ಜಾತಿಯದೋ ಬೇರೆಯದೋ ದ್ರವದಲ್ಲಿ ತೊಳೆಯುತ್ತಾರೆ. ಆ ದ್ರವ ಜಿಡ್ಡು, ಎಣ್ಣೆ ಕರಗಿಸುತ್ತದೆ. ಬೆವರಿನ ಉಪ್ಪು ಅದರಲ್ಲಿ ಕರಗುವುದಿಲ್ಲ, ಉಪ್ಪಿಗೆ ನೀರೇ ಬೇಕು. ಅದಕ್ಕೇ ಡ್ರೈ ಕ್ಲೀನ್ ಮಾಡಿಸಿದ ಕೋಟು ಎರಡು ದಿನಕ್ಕೆ ಮತ್ತೆ ಬೆವರು ನಾರುತ್ತದೆ. ಹಾಗಂತ ಬಕೆಟ್ಟಿನಲ್ಲಿ ಅದ್ದುವಂತಿಲ್ಲ. ಒಳಗೆ ಅಂಟಿಸಿದ ಗಡಸು ಬಟ್ಟೆ, ಅಂದರೆ ಬಕ್ರಂ, ಕಳಚಿಕೊಂಡು ಎದೆಯ ಭಾಗ ಗುಳ್ಳೆ ಎದ್ದ ಹಾಗೆ ಆಗುತ್ತದೆ. ಕಾಕಾ ಮೊದಲು ಕೋಟನ್ನು ಒಳಮೈ ಹೊರಗೆ ಮಾಡಿ, ಕಂಕುಳು ಮತ್ತು ಕಾಲರಿನ ಅಸ್ತರನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಮೂರ್ನಾಲ್ಕು ಸಲ ಒರೆಸುತ್ತಾರೆ. ನೆರಳಲ್ಲಿ ಆರಿದ ಮೇಲೆ ಡ್ರೈ ಕ್ಲೀನ್‌ಗೆ ಕಳಿಸುತ್ತಾರೆ. ಅದು ಅವರಲ್ಲಿ ಆಗುವ ಕೆಲಸ ಅಲ್ಲ, ಹೊರಗೆ ಮಾಡಿಸಿ ತರುತ್ತಾರೆ. ವರ್ಷಕ್ಕೆ ಎರಡೇ ಸಲ ಸಾಕು ಅಂತ ಅವರೇ ಹೇಳಿದರು. ಉಳಿದ ದಿನ ಮನೆಯಲ್ಲೇ ಬ್ರಷ್ ಮಾಡಿ, ಅಗಲ ಹೆಗಲಿನ ಹ್ಯಾಂಗರ್‌ಗೆ ಹಾಕಿ ಗಾಳಿಗೆ ಬಿಡುತ್ತೇನೆ. ಮೊದಲು ತಿಂಗಳಿಗೊಮ್ಮೆ ಡ್ರೈ ಕ್ಲೀನ್‌ಗೆ ಕೊಡುತ್ತಿದ್ದೆ. ಆ ದುಡ್ಡೂ ಉಳಿಯಿತು.

ಇಸ್ತ್ರಿ ಮಾಡುವಾಗ ಕೋಟಿನ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸುತ್ತಾರೆ, ಪೆಟ್ಟಿಗೆ ನೇರ ತಾಗುವುದಿಲ್ಲ. ಮೊಣಕೈ, ಬೆನ್ನಿನ ಹತ್ತಿರ ಕರಿ ಕೋಟು ಹೊಳೆಯುವುದನ್ನು ನೀವು ನೋಡಿರಬಹುದು. ಬಿಸಿ ಪೆಟ್ಟಿಗೆ ನೇರ ಉಜ್ಜಿದರೂ ಹಾಗಾಗುತ್ತದೆ. ನಮ್ಮ ಮನೆಯ ಕರೆಂಟ್ ಪೆಟ್ಟಿಗೆಗೂ ಲೆಕ್ಕ ಇಲ್ಲೇ ಕಲಿತೆ. ಬಟ್ಟೆಯ ಒಳಗಿನ ಚೀಟಿಯಲ್ಲಿ ಇಸ್ತ್ರಿಯ ಚಿತ್ರದಲ್ಲಿ ಚುಕ್ಕೆ ಇರುತ್ತವಲ್ಲ, ಒಂದು ಚುಕ್ಕೆ ಅಂದರೆ 110 ಡಿಗ್ರಿ, ಎರಡು ಅಂದರೆ 150, ಮೂರು ಅಂದರೆ 200. ಮೂರು ಚುಕ್ಕೆ ಹತ್ತಿಗೆ, ಎರಡು ಉಣ್ಣೆಗೆ, ಒಂದು ನೈಲಾನ್ ಥರದ್ದಕ್ಕೆ. ಚೀಟಿಯ ವಿಷಯ ಹೇಳಿಕೊಟ್ಟದ್ದು ಕಾಕಾನ ಮಗ. ಕಾಕಾನಿಗೆ ಚೀಟಿ ಬೇಕಿಲ್ಲ. ಪೆಟ್ಟಿಗೆಯ ತಳಕ್ಕೆ ಒದ್ದೆ ಬೆರಳು ತಾಗಿಸಿ, ಸದ್ದು ಕೇಳಿ ಹೇಳುತ್ತಾರೆ.

ಯಾವ ಅರಿವೆ ಅಂತ ಬೆರಳಿಗೂ ತಿಳಿಯದಿದ್ದರೆ ಕಾಕು ಬೆಂಕಿಪೊಟ್ಟಣ ತೆಗೆಯುತ್ತಾರೆ. ಒಳಹೊಲಿಗೆಯಿಂದ ಒಂದು ಎಳೆ ಎಳೆದು ಚಿಮಟಿಗೆಯಲ್ಲಿ ಹಿಡಿದು ಸುಡುತ್ತಾರೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಂಡೆ. ಪಾಲಿಯೆಸ್ಟರ್ ಉರಿಯುತ್ತಾ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ನನ್ನ ನಾದಿನಿ ಶುದ್ಧ ರೇಷ್ಮೆ ಅಂತ ಕೊಂಡ ಸೀರೆಯ ಎಳೆ ಇಲ್ಲಿ ಮಣಿಯಾಯಿತು. ಅವಳಿಗೆ ಬಹಳ ಬೇಜಾರಾಯಿತು. ಆದರೆ ಅವತ್ತಿನಿಂದ ಅದನ್ನು ಮನೆಯಲ್ಲೇ ಧೈರ್ಯವಾಗಿ ಒಗೆಯುತ್ತಾಳೆ.

ನಿಜವಾದ ರೇಷ್ಮೆಗೆ ಇಲ್ಲಿ ಪುಡಿ ಮುಟ್ಟಿಸುವುದಿಲ್ಲ. ಅಂಟವಾಳ ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿದ ನೊರೆನೀರಿನಲ್ಲಿ ಅದ್ದುತ್ತಾರೆ. ಬಟ್ಟೆ ಸೋಪಿನಲ್ಲಿ ಕ್ಷಾರ ಇರುತ್ತದೆ, ಅದು ರೇಷ್ಮೆಯ ಹೊಳಪು ತೆಗೆಯುತ್ತದೆ. ಅಂಟವಾಳದಲ್ಲಿ ಆ ಕ್ಷಾರ ಇಲ್ಲ. ಇಳಕಲ್ ಸೆರಗಿನ ಕೆಂಪು ಬಣ್ಣ ಬಿಡುವ ಭಯ ಇರುವುದರಿಂದ ಸೆರಗನ್ನು ಬೇರೆ ಪಾತ್ರೆಯಲ್ಲಿ ಮೊದಲು ಅದ್ದಿ ತೆಗೆಯುತ್ತಾರೆ, ಒಡಲನ್ನು ಆಮೇಲೆ. ನೆನೆಹಾಕುವುದಂತೂ ಇಲ್ಲವೇ ಇಲ್ಲ. ಒಣಗಿಸುವುದು ಬೇವಿನ ಗಿಡದ ನೆರಳಿಗೆ, ಉಲ್ಟಾ ಮಾಡಿ.

ಅಪ್ಪನ ಕರಿ ಕಂಬಳಿಯನ್ನು ಒಗೆಯಲು ಕೊಟ್ಟಾಗ ಕಾಕಾ ವಾಪಸ್ ಕೊಟ್ಟರು. ಕುರಿ ಉಣ್ಣೆಯ ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿರುತ್ತಾರೆ. ಒಗೆದರೆ ಆ ಬಿಗಿ ಹೋಗುತ್ತದೆ. ಬಿಸಿನೀರಿಗೆ ಹಾಕಿ ತಿಕ್ಕಿದರೆ ಉಣ್ಣೆ ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗುತ್ತದೆ. "ಕೋಲಿಲೆ ಬಡೀರಿ, ಬಿಸಲಿಗೆ ಹಾಕ್ರಿ, ಸಾಕು" ಅಂದರು. ಒಗೆದು ದುಡ್ಡು ತಗೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಪ್ಪನ ಸ್ವೆಟರನ್ನು ಮಾತ್ರ ತಣ್ಣೀರಿನ ಅಂಟವಾಳದಲ್ಲಿ ಒಗೆದು, ಹೊರಸಿನ ಮೇಲೆ ಬಟ್ಟೆ ಹಾಸಿ ಮಲಗಿಸಿ ಒಣಗಿಸಿದರು. ತೂಗುಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ.

ಬಟ್ಟೆ ವಾಪಸ್ ಕೊಡುವಾಗ ಇಡುವುದು ಹೇಗೆ ಅಂತ ಕಾಕು ಹೇಳದೆ ಬಿಡುವುದಿಲ್ಲ. ಇದಕ್ಕೆ ದುಡ್ಡಿಲ್ಲ, ಆದರೆ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಇದೇ. ಡ್ರೈ ಕ್ಲೀನಿನ ಪ್ಲಾಸ್ಟಿಕ್ ಕವರನ್ನು ಮನೆಗೆ ಹೋದ ಕೂಡಲೇ ತೆಗೆದು, ವಾಸನೆ ಹೋಗುವ ತನಕ ಗಾಳಿಗೆ ಇಡಬೇಕು. ವರ್ಷಗಟ್ಟಲೆ ಟ್ರಂಕಿನಲ್ಲಿ ಇಡುವ ಸೀರೆಗೆ ಗಂಜಿ ಹಾಕಿಸಬಾರದು, ಬೆಳ್ಳಿಮೀನು ಹುಳು, ಜಿರಳೆ ಬರುವುದೇ ಗಂಜಿಗೆ. ಉಟ್ಟ ರೇಷ್ಮೆಯನ್ನು ಬೆವರಿನ ಜೊತೆ ಒಳಗಿಡಬಾರದು. ರೇಷ್ಮೆ, ಉಣ್ಣೆ ತಿನ್ನುವುದು ನುಸಿಯ ಮರಿಗಳು, ಅವು ಮೊದಲು ಬಾಯಿ ಹಾಕುವುದು ಬೆವರು, ಊಟದ ಕಲೆ ಇರುವ ಕಡೆಗೆ. ಜರಿ ಸೀರೆಯನ್ನು ಹಳೆ ಮಲ್ ಪಂಚೆಯಲ್ಲಿ ಸುತ್ತಿ, ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ನುಸಿಗುಳಿಗೆಯನ್ನು ಜರಿಗೆ ತಾಗಿಸಬಾರದು, ಬಟ್ಟೆಯ ಗಂಟಿನಲ್ಲಿ ಕಟ್ಟಿ ಟ್ರಂಕಿನ ಮೂಲೆಗೆ ಇಡಬೇಕು. ನಾನು ಗುಳಿಗೆ ಬಿಟ್ಟು ಬಜೆ ಬೇರು, ಒಣ ಬೇವಿನ ಎಲೆ ಇಡುತ್ತೇನೆ. ಅವ್ವನ ಟ್ರಂಕಿನ ವಾಸನೆ ಅದೇ ಆಗಿತ್ತು.

ಇನ್ನು ಕೊರತೆಗಳು. ಅರ್ಜೆಂಟ್ ಇದ್ದರೆ ಇಲ್ಲಿಗೆ ಬರಬೇಡಿ. ಬಿಸಿಲಿನ ದಿನದಲ್ಲಿ ಮೂರು ದಿನ ಅಂದರೆ ಮೂರೇ ದಿನ, ಮಳೆಗಾಲದಲ್ಲಿ ಅದು ಎಂಟಾಗುತ್ತದೆ. ಕಳೆದ ಜುಲೈನಲ್ಲಿ ಒಂದು ಸೀರೆಗೆ ಹಸಿ ವಾಸನೆ ಉಳಿದಿತ್ತು. ತೋರಿಸಿದ ಮೇಲೆ ಮತ್ತೆ ಒಗೆದುಕೊಟ್ಟರು. ಹಳೆ ಬಟ್ಟೆ ಪದರ ಪದರವಾಗಿ ಹೊಲಿದ ಕೌದಿಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಟುವುದಿಲ್ಲ. ಏಳೆಂಟು ಪದರದ ಕೌದಿ ಮಳೆಗಾಲದಲ್ಲಿ ಒಳಗೆ ಒಣಗುವುದಿಲ್ಲ, ಅವರು ಹೇಳುವುದು ಸರಿ, ಆದರೂ ಮಕ್ಕಳಿರುವ ಮನೆಗೆ ಅದು ಕಷ್ಟ. ಇದ್ದಿಲಿನ ಕಿಡಿ ಹಾರಿ ಒಂದು ತಲೆದಿಂಬಿನ ಕವರಿಗೆ ಸಾಸಿವೆಯಷ್ಟು ತೂತಾಗಿತ್ತು. ಕಾಕಾ ಅದನ್ನು ಮುಚ್ಚಿಡದೆ, ಮೇಲೇ ಇಟ್ಟು ತೋರಿಸಿ ಕೊಟ್ಟರು. ಮನೆಗೆ ತಂದುಕೊಡುವ ಪದ್ಧತಿ ಇಲ್ಲ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಅಂಗಡಿ ಮುಚ್ಚಿರುತ್ತದೆ, ಮೊದಲೇ ತಂದಿಟ್ಟುಕೊಳ್ಳಿ.

ರೇಟ್ ನಾನು ಕೊಡುವುದು ಹೀಗಿದೆ. ಬಿಳಿ ಹತ್ತಿ ಸೀರೆ ಒಗೆದು, ಗಂಜಿ, ಇಸ್ತ್ರಿ ಸೇರಿ 70 ರೂಪಾಯಿ. ಇಳಕಲ್ ಅಥವಾ ರೇಷ್ಮೆಗೆ 150. ಕೋಟಿಗೆ ಒರೆಸಿ, ಹೊರಗೆ ಡ್ರೈ ಕ್ಲೀನ್ ಮಾಡಿಸಿ ತಂದು 250. ಬರೀ ಇಸ್ತ್ರಿಗೆ ಒಂದಕ್ಕೆ 10. ಮಷಿನ್ ಲಾಂಡ್ರಿಗಿಂತ ಹತ್ತಿ ಸೀರೆಗೆ ಸ್ವಲ್ಪ ಜಾಸ್ತಿ ಅನಿಸಬಹುದು. ನನ್ನ ಆರು ಬಿಳಿ ಸೀರೆಗಳಲ್ಲಿ ನಾಲ್ಕು, ಇಲ್ಲಿಗೆ ಬಂದ ಮೊದಲ ವರ್ಷದವು. ಇನ್ನೂ ಉಡುತ್ತಿದ್ದೇನೆ.

ಬಟ್ಟೆ ಅದಲು ಬದಲಾಗುವ ಭಯ ಬೇಡ. ಕಾಕಾನ ಅಪ್ಪ ಕರಿಗೇರು ಬೀಜದ ರಸದಿಂದ ಬಟ್ಟೆಯ ಮೂಲೆಗೆ ಮನೆಮನೆಯ ಗುರುತು ಹಾಕುತ್ತಿದ್ದರಂತೆ. ಎಷ್ಟು ಒಗೆದರೂ ಹೋಗದ ಕಪ್ಪು ಅದು. ಕೈಗೆ ತಾಗಿದರೆ ಹುಣ್ಣಾಗುತ್ತದೆ ಅಂತ ಕಾಕಾ ಅದನ್ನು ಬಿಟ್ಟರು. ಈಗ ಬಣ್ಣದ ದಾರ ಕಟ್ಟುತ್ತಾರೆ. ನಮ್ಮ ಮನೆಯದು ಹಸಿರು ದಾರ, ಮೂರು ಗಂಟು. ರಫು ಆಗಿ ಬಂದ ಅವ್ವನ ಸೀರೆಗೂ ಸೆರಗಿನ ಒಳಗಡೆ ಆ ಮೂರು ಗಂಟಿದೆ. ನಾನು ಬಿಚ್ಚಿಲ್ಲ.